ಉಕ್ಕಿನ ದರ ಕುದುರುವ ತನಕ

ನನ್ನ ಹೆಂಡತಿ ಉಕ್ಕು ಕೊಳ್ಳುತ್ತಾಳೆ. ಬೇರೆಯವರ ಹೆಂಡತಿಯರು ಮಾರುಕಟ್ಟೆಯಲ್ಲಿ ಬದನೆಕಾಯಿ ಹಿಸುಕಿ ಚೌಕಾಸಿ ಮಾಡಿದರೆ ಇವಳು ಸಾವಿರಾರು ಟನ್ನು ಪ್ಲೇಟಿಗೆ, ಅಂದರೆ ಹಡಗಿನ ಮೈಗೆ ಹಾಕುವ ದಪ್ಪ ಉಕ್ಕಿನ ಹಾಳೆಗೆ, ಚೌಕಾಸಿ ಮಾಡುತ್ತಾಳೆ. ಮನೆಗೆ ತರಕಾರಿ ತರುವಾಗ ಮಾತ್ರ ಅಂಗಡಿಯವನು ಹೇಳಿದಷ್ಟು ಕೊಟ್ಟು ಬರುತ್ತಾಳೆ. ಯಾಕೆ ಹೀಗೆ ಎಂದು ಕೇಳಿದರೆ, "ಸಂಬಳ ಇಲ್ಲದ ಕೆಲಸ ನಾನು ಮಾಡಲ್ಲ" ಎನ್ನುತ್ತಾಳೆ.

ಅವಳ ಹಡಗುಕಟ್ಟೆಯಲ್ಲಿ ದೊಡ್ಡ ದೊಡ್ಡ ಸರಕು ಹಡಗುಗಳನ್ನು ಕಟ್ಟುತ್ತಾರೆ. ಒಂದೊಂದು ಹಡಗೂ ಇಪ್ಪತ್ತು ಸಾವಿರ ಟನ್ನಿನಷ್ಟು ಉಕ್ಕು ನುಂಗುತ್ತದೆ. ಈ ವ್ಯಾಪಾರದ ವಿಚಿತ್ರವೇನೆಂದರೆ, ಹಡಗಿನ ಬೆಲೆ ಮೊದಲು ನಿಗದಿಯಾಗುತ್ತದೆ, ಉಕ್ಕು ಕೊಳ್ಳುವುದು ಆಮೇಲೆ. ಬಟ್ಟೆ ತರುವ ಮೊದಲೇ ಅಂಗಿಯ ದುಡ್ಡು ಇಸಿದುಕೊಂಡ ದರ್ಜಿಯ ಪಾಡು. ನಡುವೆ ಉಕ್ಕಿನ ದರ ಏರಿದರೆ ಏರಿದ್ದೆಲ್ಲ ಹಡಗುಕಟ್ಟೆಯ ಹೊಟ್ಟೆಯಿಂದಲೇ ಹೋಗಬೇಕು. ಟನ್ನಿಗೆ ಒಂದು ಊಟದ ದುಡ್ಡು ಹೆಚ್ಚಾದರೂ ಮೂರು ಹಡಗಿಗೆ ಲೆಕ್ಕ ಹಾಕಿದರೆ ಒಂದು ಬೀದಿಯನ್ನೇ ಕೊಳ್ಳಬಹುದು. ಆದ್ದರಿಂದ ನನ್ನವಳು ಕೂರುವ ಕುರ್ಚಿ ಸದಾ ಬಿಸಿ.

ನನ್ನದು ಬಂದರಿನ ಹೆಬ್ಬಾಗಿಲಿನ ಹಿಂದಿನ ಬೀದಿಯಲ್ಲಿ ಕನ್ನಡಕದ ಅಂಗಡಿ. ಗಾಜು ಬದಲಿಸುತ್ತಾ "ಈಗ ಸರಿಯಾಗಿ ಕಾಣುತ್ತಾ, ಮೊದಲಿಂದೇ ಸರಿ ಇತ್ತಾ?" ಎಂದು ದಿನವಿಡೀ ಕೇಳುವ ಕೆಲಸ. ಮನೆಯಲ್ಲಿ ಈ ಪ್ರಶ್ನೆ ಕೇಳುವ ಧೈರ್ಯ ನನಗೆ ಬಂದಿಲ್ಲ. ಕಾಣುವ ವಿಷಯದಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂದು ನನ್ನವಳ ನಂಬಿಕೆ.

ಅವಳಿಗೊಬ್ಬಳು ತಂಗಿ. ಮೂಳೆಯೂ ಸಣ್ಣ, ದನಿಯೂ ಸಣ್ಣ. ಎಲ್ಲರೂ ಗುಬ್ಬಿ ಎಂದು ಕರೆದೂ ಕರೆದೂ ನಿಜವಾದ ಹೆಸರು ಸರ್ಕಾರಿ ಕಾಗದಕ್ಕೆ ಮಾತ್ರ ಉಳಿದಿದೆ. ಅವಳ ಗಂಡ, ಅಂದರೆ ನನ್ನ ಷಡ್ಡಕ, ಉಕ್ಕಿನ ಕಾರ್ಖಾನೆಯೊಂದರಲ್ಲಿ ಮಾರಾಟದ ಮುಖ್ಯಸ್ಥ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಆ ಎತ್ತನ್ನೂ ಕೋಣವನ್ನೂ ಒಂದೇ ಮನೆಗೆ ತಂದು ಕಟ್ಟಿದವರು ನನ್ನ ಮಾವನವರು. ಹಡಗಿನ ತಳಕ್ಕೂ ಪಕ್ಕಕ್ಕೂ ಬೇಕಾದ ಅತಿ ಅಗಲದ ಪ್ಲೇಟುಗಳನ್ನು ಹತ್ತಿರದಲ್ಲಿ ಮಾಡಬಲ್ಲದ್ದು ಷಡ್ಡಕನ ಕಾರ್ಖಾನೆಯೊಂದೇ. ಪ್ಲೇಟು ಅಗಲವಾದಷ್ಟೂ ಬೆಸುಗೆಯ ಗೆರೆ ಕಡಿಮೆ, ಬೆಸುಗೆ ಕಡಿಮೆಯಾದಷ್ಟೂ ಕೂಲಿ ಕಡಿಮೆ, ತೊಂದರೆ ಕಡಿಮೆ. ಹಾಗಾಗಿ ಬೇರೆ ಯಾರ ಬಾಗಿಲು ತಟ್ಟಿದರೂ ನನ್ನವಳು ಕೊನೆಗೆ ತಂಗಿಯ ಗಂಡನ ಎದುರಿಗೇ ಬಂದು ಕೂರಬೇಕು.

ಎರಡೂ ಕಂಪನಿಗಳಿಗೆ ಈ ನಂಟು ಗೊತ್ತು. ಅದಕ್ಕೆಂದೇ ಒಂದು ನಿಯಮ ಮಾಡಿ ಇಬ್ಬರಿಂದಲೂ ಸಹಿ ಹಾಕಿಸಿಕೊಂಡಿದ್ದಾರೆ: ದರದ ಮಾತುಕತೆ ಶುರುವಾದ ದಿನದಿಂದ ಮುಗಿಯುವ ತನಕ ಈ ಮನೆಯವರು ಆ ಮನೆಗೆ ಹೋಗಬಾರದು, ಅಕ್ಕತಂಗಿ ಫೋನಿನಲ್ಲೂ ಮಾತಾಡಬಾರದು. ನಾನು ಅದನ್ನು ಉಕ್ಕಿನ ಸೂತಕ ಎಂದು ಕರೆಯುತ್ತೇನೆ. ತೀರಾ ಅನಿವಾರ್ಯವಾದ ಸುದ್ದಿಯಿದ್ದರೆ ನನ್ನ ಮೂಲಕ ಹೋಗಬೇಕು, ಬರಬೇಕು. ಸಾಮಾನ್ಯವಾಗಿ ಹತ್ತು ಹದಿನೈದು ದಿನದಲ್ಲಿ ಸೂತಕ ಕಳೆಯುತ್ತದೆ. ಆ ಸಂಜೆಯೇ ಗುಬ್ಬಿ ಓಡಿ ಬರುತ್ತಾಳೆ. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು, ಅಷ್ಟೂ ದಿನ ಕಟ್ಟಿಟ್ಟ ಮಾತನ್ನು ಒಂದೇ ಸಲಕ್ಕೆ ಖಾಲಿ ಮಾಡುತ್ತಾರೆ. ನಾನೂ ಷಡ್ಡಕನೂ ಹೊರಗೆ ಕೂತು, ನಮ್ಮ ಹೆಸರು ಬಂದಾಗ ಕಿವಿ ನಿಮಿರಿಸುತ್ತೇವೆ.

ನನ್ನವಳ ವಿದ್ಯೆ ಇರುವುದು ಲೆಕ್ಕದಲ್ಲಲ್ಲ, ಎದುರಿಗಿರುವವನ ಮುಖದಲ್ಲಿ. ಕಾರ್ಖಾನೆಯ ಕುಲುಮೆಯನ್ನು ಒಲೆಯ ಹಾಗೆ ಬೇಕಾದಾಗ ಹಚ್ಚಿ ಬೇಡವಾದಾಗ ಆರಿಸಲು ಬರುವುದಿಲ್ಲ. ಆರ್ಡರು ಇರಲಿ ಬಿಡಲಿ, ಅದು ಉರಿಯುತ್ತಲೇ ಇರಬೇಕು. ಆರ್ಡರು ಕಡಿಮೆಯಾದಾಗ ಮಾರುವವನಿಗೆ ಅವಸರ ಹುಟ್ಟುತ್ತದೆ, ಬಂದಷ್ಟು ದರಕ್ಕೆ ಕೊಟ್ಟು ಕೈ ತೊಳೆದುಕೊಳ್ಳಲು ನೋಡುತ್ತಾನೆ. ಆ ಅವಸರವನ್ನು ಪತ್ತೆ ಹಚ್ಚುವುದೇ ಇವಳ ಕೆಲಸ. "ಅವಸರ ಮಾಡೋನ ಕುಲುಮೆ ಹಸಿದಿರುತ್ತೆ. ಹಸಿದೋನನ್ನ ಇನ್ನೊಂದು ಸ್ವಲ್ಪ ಕಾಯಿಸಬೇಕು" ಎಂದು ಊಟಕ್ಕೆ ಕೂತಾಗ ನನಗೆ ಪಾಠ ಹೇಳುತ್ತಾಳೆ. ನಾನು ಗಿರಾಕಿಯನ್ನು ಕಾಯಿಸಿದರೆ ಅವನು ಪಕ್ಕದ ಅಂಗಡಿಗೆ ಹೋಗುತ್ತಾನೆ. ಆದ್ದರಿಂದ ಆ ಪಾಠ ನನ್ನ ಉಪಯೋಗಕ್ಕೆ ಬಂದಿಲ್ಲ.

ಈ ಸಲದ್ದು ಮೂರು ಹಡಗಿನ ಉಕ್ಕು. ಎರಡು ವರ್ಷದಿಂದ ಅವಳು ಕಾದಿದ್ದ ಖರೀದಿ. ಇದು ಚೆನ್ನಾಗಿ ಮುಗಿದರೆ ಖರೀದಿ ವಿಭಾಗವೆಲ್ಲ ಅವಳ ಕೈಗೆ ಬರುತ್ತದೆ ಎಂದು ನಿರ್ದೇಶಕರೇ ಬಾಯಿಬಿಟ್ಟು ಹೇಳಿದ್ದರು. ಮಾತುಕತೆ ಶುರುವಾದ ವಾರವೇ, ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಗುಬ್ಬಿ ನನ್ನ ಅಂಗಡಿಗೆ ಬಂದಳು.

"ಭಾವ, ಬಾಗಿಲು ಸ್ವಲ್ಪ ಮುಂದೆ ಮಾಡ್ತೀರಾ?" ಎಂದು ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತಳು. ಕುರ್ಚಿ ಎತ್ತರ, ಅವಳ ಕಾಲು ನೆಲಕ್ಕೆ ಎಟುಕಲಿಲ್ಲ.

"ಏನಮ್ಮ, ಓದೋಕೆ ತೊಂದರೆ ಆಗ್ತಿದೆಯಾ?"

"ಕಣ್ಣೆಲ್ಲ ಚೆನ್ನಾಗಿದೆ. ಎದೇಲಿ ಗಂಟಾಗಿದೆ. ಚೂರು ತೆಗೆದು ಪರೀಕ್ಷೆ ಮಾಡಿದ್ರು. ಒಳ್ಳೇದಲ್ಲ ಅಂದ್ರು. ಆಪರೇಷನ್ ಆಗ್ಬೇಕಂತೆ."

ನನ್ನ ಕೈಯಲ್ಲಿದ್ದ ಗಾಜನ್ನು ಒರೆಸುತ್ತಲೇ ಇದ್ದೆ.

"ಯಾವಾಗ?" ಎಂದೆ.

"ನಾನು ಯಾವಾಗ ಅಂದ್ರೆ ಆವಾಗ. ಎಷ್ಟು ದಿನ ತಡೀಬಹುದು ಅಂತ ಕೇಳ್ದೆ. ಎರಡು ವಾರದೊಳಗೆ ಬಂದುಬಿಡಿ ಅಂದ್ರು. ಅಷ್ಟರಲ್ಲಿ ಇವರ ಮಾತುಕತೆ ಮುಗಿಯುತ್ತಲ್ಲ ಭಾವ? ಅಕ್ಕ ಪಕ್ಕದಲ್ಲಿಲ್ದೆ ನಾನು ಹೋಗಿ ಅಲ್ಲಿ ಮಲಗಲ್ಲ. ಅಮ್ಮ ಹೋದ ಮೇಲೆ ನಂಗೆ ಜ್ವರ ಬಂದ್ರೂ ಅವಳೇ ಕೂತಿರ್ತಿದ್ದಿದ್ದು."

"ಹಾಗಾದ್ರೆ ಈಗಲೇ ಅವಳಿಗೆ ಹೇಳೋಣ. ಹಾರಿ ಬರ್ತಾಳೆ."

"ಬರ್ತಾಳೆ. ಬಂದ ಕೂಡಲೇ ಅವಳನ್ನ ಮಾತುಕತೆಯಿಂದ ಹೊರಗೆ ಹಾಕ್ತಾರೆ. ಎರಡು ವರ್ಷ ಕಾದಿದ್ದು ಮಣ್ಣುಪಾಲಾಗುತ್ತೆ. ನನ್ನಿಂದ ಅದು ಆಗೋದು ಬೇಡ." ಅವಳು ನನ್ನ ಅಂಗೈ ಹಿಡಿದು ಅದರ ಮೇಲೆ ತನ್ನ ಕೈಯಿಟ್ಟಳು. "ಇವರಿಗೆ ಗೊತ್ತು. ಇವರ ಹತ್ರಾನೂ ಆಣೆ ಹಾಕಿಸ್ಕೊಂಡಿದೀನಿ. ನೀವೂ ಹೇಳಬಾರದು. ಬೇಗ ಮುಗಿಸು ಅಂತ ಗುಬ್ಬಿ ಹೇಳಿದ್ಳು ಅನ್ನಿ. ಅಷ್ಟು ಸಾಕು. ಅದರಲ್ಲಿ ದರದ ಮಾತಿಲ್ವಲ್ಲ."

ಹೀಗೆ ಬಿಸಿ ತುಪ್ಪ ನನ್ನ ಬಾಯಿಗೆ ಬಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅಂದು ಸಂಜೆ ಊಟಕ್ಕೆ ಕೂತಾಗ ಹೇಳಿದೆ. "ಗುಬ್ಬಿ ಅಂಗಡಿಗೆ ಬಂದಿದ್ಳು. ಈ ಸಲ ಬೇಗ ಮುಗಿಸು ಅಂತ ನಿನಗೆ ಹೇಳೋಕೆ ಹೇಳಿದ್ಳು."

ನನ್ನವಳು ತುತ್ತು ಕೆಳಗಿಟ್ಟಳು. "ಬೇಗ ಮುಗಿಸು ಅಂತಾನಾ? ಗುಬ್ಬಿನಾ?"

"ಅವಳಿಗೆ ನೀನು ಬೇಕಂತೆ."

"ಅವಳಿಗೆ ಯಾವತ್ತು ನಾನು ಬೇಡವಾಗಿದ್ದೆ? ಇಷ್ಟು ವರ್ಷದಲ್ಲಿ ಒಂದು ಸಲಾನಾದ್ರೂ ಹೀಗೆ ಹೇಳಿ ಕಳಿಸಿದ್ದಾಳಾ?" ಅವಳ ಕಣ್ಣು ಸಣ್ಣದಾಯಿತು. ಆ ನೋಟ ನನಗೆ ಗೊತ್ತು. "ಅವಳ ಬಾಯಲ್ಲಿ ಅವನು ಆಡಿಸ್ತಿದಾನೆ. ಪಾಪದವಳು, ಅವಳಿಗೇನು ಗೊತ್ತಾಗುತ್ತೆ. ಹೋಗ್ಲಿ, ನಾನು ಇದನ್ನ ಕೇಳಿಸ್ಕೊಂಡೇ ಇಲ್ಲ."

ಕೇಳಿಸಿಕೊಂಡಿದ್ದಳು. ಎರಡನೆಯ ಸಲ ಬಡಿಸಿಕೊಳ್ಳುವಾಗ ಅವಳ ಮುಖದಲ್ಲಿ ನಗು ಇತ್ತು.

"ಎಲ್ಲಾ ಅವಸರವೂ ದುಡ್ಡಿನ ಅವಸರ ಅಲ್ಲ ಕಣೆ" ಎಂದೆ. ಆಣೆಯ ಗೆರೆ ದಾಟದೆ ಅಷ್ಟು ಹೇಳಬಹುದಿತ್ತು.

"ಕನ್ನಡಕದಲ್ಲಿ ಇರಬಹುದು. ಉಕ್ಕಿನಲ್ಲಿ ಎಲ್ಲಾ ದುಡ್ಡಿನ ಅವಸರವೇ."

ಮೊದಲ ಬೈಠಕ್ಕಿನಿಂದ ಅವಳು ಕುಣಿಯುವ ಮನಸ್ಸಿನಲ್ಲಿ ಬಂದಳು. ದರದ ವಿವರ ನನಗೆ ಹೇಳುವುದಿಲ್ಲ, ಅದು ಅವಳ ಶಿಸ್ತು. ಆದರೆ ಮನುಷ್ಯರ ವಿವರ ಹೇಳುತ್ತಾಳೆ. ಉದ್ದನೆಯ ಮೇಜಿನ ಆ ಕಡೆ ಕೂತ ಷಡ್ಡಕ ಮೂರು ಸಲ ಫೋನು ತಿರುಗಿಸಿ ನೋಡಿದನಂತೆ. ನೀರಿನ ಲೋಟ ಎತ್ತಿ ಕುಡಿಯದೆ ಇಟ್ಟನಂತೆ. ಯಾವಾಗಲೂ ಮೂರನೆಯ ಬೈಠಕ್ಕಿಗೆ ಮೊದಲು ಜಪ್ಪಯ್ಯ ಎಂದರೂ ಇಳಿಯದವನು ಮೊದಲ ದಿನವೇ ತಾನಾಗಿ ದರ ಇಳಿಸಿ, "ಅತ್ತಿಗೆ, ಇವತ್ತೇ ಮುಗಿಸಿಬಿಡೋಣ" ಎಂದನಂತೆ. ಮೇಜಿನ ಬಳಿ ಅವನು ಅವಳನ್ನು ಮೇಡಂ ಎಂದೇ ಕರೆಯುವುದು. ಅತ್ತಿಗೆ ಎಂದು ಬಾಯಿ ತಪ್ಪಿದ್ದನ್ನು ಅವಳು ನನಗೆ ಎರಡು ಸಲ ಹೇಳಿ ನಕ್ಕಳು.

"ಆತುರಗಾರನಿಗೆ ಬುದ್ಧಿ ಮಟ್ಟ. ಅವರ ಹತ್ರ ಆರ್ಡರೇ ಇಲ್ಲ, ನೋಡ್ತಿರಿ" ಎಂದಳು.

ನನಗೆ ಆ ದಡ್ಡ ಪ್ರಾಮಾಣಿಕನ ಮುಖ ಕಣ್ಣಿಗೆ ಕಟ್ಟಿತು. ಹೆಂಡತಿಯ ಗಂಟಿನ ಚಿಂತೆ ಹೊತ್ತು ಕೂತವನು ಬೇಗ ಎದ್ದು ಹೋಗಲು ನೋಡಿದ್ದಾನೆ. ಇವಳು ಅದನ್ನೇ ಹಿಡಿದು ಜಗ್ಗಿದ್ದಾಳೆ. ಇನ್ನಷ್ಟು ಇಳಿಸಿ, ಯೋಚಿಸಿ ಹೇಳಿ ಎಂದು ಬೈಠಕ್ಕನ್ನು ಮುಂದಿನ ವಾರಕ್ಕೆ ಹಾಕಿದ್ದಳು. ಮುಂದಿನ ವಾರ ಅವನು ಇನ್ನು ಇಳಿಸಲು ಕಾರ್ಖಾನೆಯವರು ಒಪ್ಪುವುದಿಲ್ಲ ಎಂದ. ಇವಳು ಅದನ್ನು ನಂಬಲಿಲ್ಲ. ಅದರ ಮುಂದಿನ ವಾರಕ್ಕೆ ಹಾಕಿದಳು.

ಡಾಕ್ಟರು ಕೊಟ್ಟ ಎರಡು ವಾರ ಕಳೆದವು. ಗುಬ್ಬಿ ಅಂಗಡಿಗೆ ಫೋನು ಮಾಡಿದಳು.

"ಭಾವ, ಇನ್ನೂ ಆಗಿಲ್ವಂತಲ್ಲ."

"ನೀನು ಹೋಗಿ ಆಪರೇಷನ್ ಮಾಡಿಸ್ಕೋ. ನಾನು ಬಂದು ಕೂರ್ತೀನಿ, ನಿನ್ನ ಗಂಡ ಇರ್ತಾನೆ."

"ನೀವು ಕೂತ್ರೆ ಅಕ್ಕ ಕೂತ ಹಾಗೆ ಆಗುತ್ತಾ? ಇನ್ನೊಂದು ವಾರ ನೋಡೋಣ. ಆಸ್ಪತ್ರೆಯವರಿಗೆ ಊರಿಗೆ ಹೋಗಿದೀನಿ ಅಂತ ಹೇಳಿಸಿದೀನಿ."

ಸುಳ್ಳು ಹೇಳಿದ್ದಕ್ಕೆ ಅವಳು ಕಿಸಕ್ಕನೆ ನಕ್ಕಳು. ನನಗೆ ನಗು ಬರಲಿಲ್ಲ. ಮೂರನೆಯ ವಾರವೂ ಹಾಗೇ ಜಾರಿತು. ಅಕ್ಕನಿಗೆ ಬಂದ ಅವಕಾಶ ತಪ್ಪಬಾರದು ಎಂದು ತಂಗಿ, ಹಡಗುಕಟ್ಟೆಗೆ ನಷ್ಟವಾಗಬಾರದು ಎಂದು ಅಕ್ಕ, ಇಬ್ಬರೂ ಒಳ್ಳೆಯವರೇ. ಇಬ್ಬರಿಗೂ ಎರಡು ಕೊಡಬೇಕು ಅನ್ನಿಸುತ್ತಿತ್ತು.

ರಜೆಯ ದಿನ ಮಧ್ಯಾಹ್ನ ನನ್ನವಳು ಮಂಚದ ತುಂಬ ಒಗೆದ ಬಟ್ಟೆ ಹರಡಿಕೊಂಡು ಮಡಿಸುತ್ತಿದ್ದಳು. ಬಾಯಲ್ಲಿ ಯಾವುದೋ ಹಾಡಿನ ಗುನುಗು. "ಇನ್ನೊಂದು ವಾರ ಹಿಡಿದ್ರೆ ತಾನಾಗೇ ಇಳೀತಾನೆ" ಎಂದಳು, ನನಗೋ ದಿಂಬಿನ ಚೀಲಕ್ಕೋ ಗೊತ್ತಾಗಲಿಲ್ಲ.

ಇನ್ನೊಂದು ವಾರ ಎಂಬ ಮಾತು ಕೇಳಿದ್ದೇ ನನ್ನ ಆಣೆ ಪ್ರಮಾಣವೆಲ್ಲ ಗಾಳಿಗೆ ಹೋಯಿತು. "ಗುಬ್ಬಿಗೆ ಎದೇಲಿ ಗಂಟಾಗಿದೆ. ಕೆಟ್ಟ ಗಂಟು. ಆಪರೇಷನ್ನಿಗೆ ನೀನು ಬರಬೇಕು ಅಂತ ಕಾಯ್ತಾ ಕೂತಿದಾಳೆ. ಬೇಗ ಮುಗಿಸು ಅಂದಿದ್ದು ಅದಕ್ಕೆ" ಎಂದು ಒಂದೇ ಉಸಿರಿಗೆ ಹೇಳಿದೆ.

ಅವಳು ದಿಂಬಿನ ಚೀಲವನ್ನು ಮಡಿಸಿ ಮುಗಿಸಿದಳು. ಮೂಲೆಗೆ ಮೂಲೆ ಸರಿಯಾಗಿ ಕೂರಿಸಿದಳು. ಆಮೇಲೆ, "ಹಾಗಾದ್ರೆ ಅವರ ಕುಲುಮೆ ಹಸಿದಿಲ್ಲ" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. "ನಿನ್ನ ಒಡಹುಟ್ಟಿದೋಳ ವಿಷಯ ಹೇಳ್ತಿದೀನಿ. ನೀನು ಉಕ್ಕಿನ ಲೆಕ್ಕ ಹಾಕ್ತಿದೀಯಲ್ಲ."

"ಲೆಕ್ಕ ಹಾಕ್ತಿಲ್ಲ. ಅರ್ಥ ಆಗ್ತಿದೆ." ಮಡಿಸಿದ ಚೀಲವನ್ನು ಮಂಚದ ಮೇಲಿಟ್ಟಳು. "ಅವನು ಫೋನ್ ನೋಡಿದ್ದು ಗುಬ್ಬಿಗೋಸ್ಕರ. ನೀರು ಕುಡೀದೇ ಇದ್ದಿದ್ದು ಗುಬ್ಬಿಗೋಸ್ಕರ. ಮೊದಲ ದಿನವೇ ದರ ಇಳಿಸಿದ್ದೂ ಗುಬ್ಬಿಗೋಸ್ಕರ. ಅವರ ಹತ್ರ ಆರ್ಡರ್ ಬೇಕಾದಷ್ಟಿದೆ. ಅವನು ಹೇಳಿದ್ದೇ ಸರಿಯಾದ ದರ. ಇಷ್ಟು ದಿನ ನಾನು ಕಾರ್ಖಾನೆ ಜೊತೆ ಅಲ್ಲ, ಅವಳ ಗಂಟಿನ ಜೊತೆ ಚೌಕಾಸಿ ಮಾಡ್ತಿದ್ದೆ."

ಹಾಗೆಂದು ಬಟ್ಟೆಗಳ ಮಧ್ಯೆಯೇ ಕುಸಿದು ಅತ್ತಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವಳ ಬೆನ್ನು ಸವರುತ್ತಾ ಕೂತೆ.

ಅಳು ನಿಂತ ಮೇಲೆ ಮುಖ ತೊಳೆದು ಬಂದು ನಿರ್ದೇಶಕರಿಗೆ ಫೋನು ಮಾಡಿದಳು. ನಾನು ಅಲ್ಲೇ ಇದ್ದೆ. ಎರಡು ವಿಷಯ ಹೇಳಿದಳು. ಒಂದು, ಕಾರ್ಖಾನೆಯವರು ಕೊನೆಯದಾಗಿ ಹೇಳಿದ ದರಕ್ಕೆ ನಾಳೆಯೇ ಸಹಿ ಹಾಕಿ, ಅವರಿಗೆ ಅವಸರವಿದೆ ಎಂದು ನಾನು ಲೆಕ್ಕ ಹಾಕಿದ್ದು ತಪ್ಪು, ತಡ ಮಾಡಿದರೆ ಬೇರೆಯವರು ಎತ್ತಿಕೊಳ್ಳುತ್ತಾರೆ. ಎರಡು, ತಂಗಿಗೆ ಕಾಯಿಲೆ, ಈಗಲೇ ಅವಳ ಮನೆಗೆ ಹೊರಟಿದ್ದೇನೆ, ನಿಯಮದ ಪ್ರಕಾರ ಇನ್ನು ನಾನು ಈ ಮಾತುಕತೆಯಲ್ಲಿಲ್ಲ.

ನಿರ್ದೇಶಕರು ಸಭ್ಯರು. ಫೋನಿನಲ್ಲಿ ಅವರ ದನಿ ನನಗೂ ಕೇಳಿಸುತ್ತಿತ್ತು. "ಮೇಡಂ, ಎರಡನ್ನೂ ಒಟ್ಟಿಗೆ ಹೇಳಿದ್ರಿ. ಎರಡನೇದನ್ನ ಕೇಳಿದ ಮೇಲೆ ಮೊದಲನೇದನ್ನ ನಾನು ಹ್ಯಾಗೆ ತಗೊಳ್ಳಲಿ? ನಾಳೆ ಯಾರಾದ್ರೂ ಕೇಳಿದ್ರೆ, ನೆಂಟರ ಮಧ್ಯೆ ಆದ ಮಾತು ಅನ್ನಲ್ವಾ?"

"ಅಂತಾರೆ. ಆದರೂ ನಾನು ಹೇಳಿದ್ದು ನಿಜ."

"ಇರಬಹುದು. ನೀವು ತಂಗಿ ಕಡೆ ನೋಡ್ಕೊಳ್ಳಿ."

ಅವಳು ಚಪ್ಪಲಿ ಮೆಟ್ಟಿಕೊಂಡು ನನಗೂ ಕಾಯದೆ ಮೆಟ್ಟಿಲು ಇಳಿದಳು.

ಆಮೇಲೆ ಹಡಗುಕಟ್ಟೆಯಲ್ಲಿ ಆದದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಖರೀದಿಯನ್ನು ಅವಳ ಸಹಾಯಕನಿಗೆ ಕೊಟ್ಟರು. ಯಾರೂ ಬೆರಳು ತೋರಿಸಬಾರದೆಂದು ಅವನು ಮೊದಲಿನಿಂದ ಎಲ್ಲರಿಗೂ ಪತ್ರ ಬರೆದು ದರ ಕೇಳಿದ. ಷಡ್ಡಕನನ್ನೂ ಅವನ ಕಾರ್ಖಾನೆಯವರು ಬದಲಿಸಿದರು. ಹೊಸಬ ಬಂದು, ನಿಮ್ಮ ಪ್ಲೇಟು ಮಾಡಲು ತಡೆದಿಟ್ಟಿದ್ದ ಪಾಳಿಯನ್ನು ಬೇರೆ ಹಡಗುಕಟ್ಟೆಗೆ ಕೊಟ್ಟಾಯಿತು, ಇನ್ನು ಹೊಸ ದರ ಎಂದ. ಹೊಸ ದರ ಹಳೆಯದಕ್ಕಿಂತ ಬಹಳ ಮೇಲೆ. ಕೊನೆಗೆ ದೂರದಿಂದ ಅಗಲ ಕಡಿಮೆಯ ಪ್ಲೇಟು ತರಿಸಿದರು. ಬೆಸುಗೆ ಹೆಚ್ಚಾಯಿತು, ಕೂಲಿ ಹೆಚ್ಚಾಯಿತು. ಅವಳು ಹೇಳಿದ್ದು ನಿಜವಾಯಿತು. ಆದರೆ ಖರೀದಿ ವಿಭಾಗ ಅವಳ ಕೈಗೆ ಬರಲಿಲ್ಲ, ಅದರ ಮಾತನ್ನೂ ಯಾರೂ ಎತ್ತಲಿಲ್ಲ. ಈಗ ಅವಳು ಬಣ್ಣ ಮತ್ತು ಹಗ್ಗದ ಖರೀದಿ ನೋಡಿಕೊಳ್ಳುತ್ತಾಳೆ.

ಆಪರೇಷನ್ನಿನ ದಿನ ನಾವು ಮೂವರೂ ಆಸ್ಪತ್ರೆಯ ಓಣಿಯಂಥ ಹಾದಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತಿದ್ದೆವು. ನಾನು ಡಬ್ಬಿಯಲ್ಲಿ ತಂದ ಊಟವನ್ನು ಯಾರೂ ಬಿಚ್ಚಲಿಲ್ಲ. ಗುಬ್ಬಿಯನ್ನು ಒಳಗೆ ಕರೆದುಕೊಂಡು ಹೋಗುವ ತನಕ ಅಕ್ಕ ಅವಳ ತಲೆ ನೇವರಿಸುತ್ತಲೇ ಇದ್ದಳು. ಬಾಗಿಲು ಮುಚ್ಚಿದ ಮೇಲೆ ಷಡ್ಡಕ ನೆಲ ನೋಡುತ್ತಾ ಹೇಳಿದ, "ಅತ್ತಿಗೆ, ಮೊದಲನೇ ದಿನಾನೇ ನಾನು ದರ ಇಳಿಸಬಾರದಿತ್ತು. ಅದೇ ನಿಮ್ಮ ದಾರಿ ತಪ್ಪಿಸ್ತು."

"ನೀವು ಬಾಯಿಬಿಟ್ಟು ಹೇಳಿದ್ರಲ್ಲ, ಇನ್ನು ಇಳಿಯಲ್ಲ ಅಂತ. ನಾನೇ ನಂಬಲಿಲ್ಲ" ಎಂದಳು.

ಬಹಳ ಹೊತ್ತಾದ ಮೇಲೆ ಡಾಕ್ಟರು ಹೊರಗೆ ಬಂದರು. ಟೋಪಿ ತೆಗೆದು ಹಣೆ ಒರೆಸಿಕೊಂಡರು.

"ಗಂಟು ತೆಗೆದಿದೀವಿ. ಕಂಕುಳಿಗೂ ಹರಡಿತ್ತು, ಅದನ್ನೂ ತೆಗೆದಿದೀವಿ. ಮುಂದೆ ಔಷಧಿ ಜಾಸ್ತಿನೇ ಕೊಡ್ಬೇಕಾಗುತ್ತೆ. ನೋಡೋಣ."

ನನ್ನವಳು ಎದ್ದು ನಿಂತಳು. "ನಾವು ಮೊದಲೇ ಬಂದಿದ್ರೆ, ನೀವು ಹೇಳಿದ ಎರಡು ವಾರದಲ್ಲಿ, ಕಂಕುಳಿಗೆ ಹೋಗ್ತಿರಲಿಲ್ವಾ?"

"ಹೇಳೋಕಾಗಲ್ಲಮ್ಮ. ಹೋಗದೇ ಇರಬಹುದಿತ್ತು. ಆಗಲೇ ಹೋಗಿದ್ದಿರಲೂಬಹುದು."

"ಒಂದು ಅಂದಾಜು ಹೇಳಿ."

"ಅಂದಾಜೂ ಹೇಳೋಕೆ ಬರಲ್ಲ."

"ಹೆಚ್ಚುಕಮ್ಮಿ ಎಷ್ಟು ವ್ಯತ್ಯಾಸ ಆಗಿರಬಹುದು?"

ಅವರು ತಲೆಯಾಡಿಸಿ ಅವಳ ಭುಜ ಮುಟ್ಟಿ ಹೊರಟುಹೋದರು. ಒಂದು ದಿನ ತಡವಾದರೆ ಟನ್ನಿಗೆ ಎಷ್ಟು ಏರುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವವಳು, ಅವರು ಹೋದ ದಿಕ್ಕನ್ನೇ ನೋಡುತ್ತಾ ನಿಂತಳು. ಈ ತಡಕ್ಕೆ ಎಷ್ಟಾಯಿತು ಎಂದು ಅವಳಿಗೆ ಯಾರೂ ಹೇಳಲಾರರು. ಕಡಿಮೆ ಎಂದುಕೊಂಡು ಸಮಾಧಾನ ಮಾಡಿಕೊಳ್ಳುವ ಹಾಗೂ ಇಲ್ಲ, ಹೆಚ್ಚು ಎಂದುಕೊಂಡು ತಲೆಬಾಗುವ ಹಾಗೂ ಇಲ್ಲ.

ಸಂಜೆ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತೇವೆ ಎಂದರು. ಷಡ್ಡಕ ಹೋಗಿ ನೋಡಿ ಬಂದು, ಅತ್ತಿಗೆಯನ್ನು ಕೇಳುತ್ತಿದ್ದಾಳೆ ಎಂದ. ನಾನು ನನ್ನವಳ ಹಿಂದೆಯೇ ನುಸುಳಿ ಬಾಗಿಲ ಬಳಿ ನಿಂತೆ. ಗುಬ್ಬಿಯ ತುಟಿ ಒಣಗಿತ್ತು. ಹಾಸಿಗೆಯಲ್ಲಿ ಅವಳು ಇನ್ನೂ ಸಣ್ಣಗೆ ಕಂಡಳು.

"ನಾನೇ ಎಳೆದೆ ಕಣೇ" ಎಂದಳು ನನ್ನವಳು. ನೀರು ಬೇಕಾ, ನೋವಿದೆಯಾ ಎಂದು ಕೂಡ ಕೇಳಲಿಲ್ಲ. "ನೀನು ಬೇಗ ಅಂದಿದ್ದಕ್ಕೇ ಎಳೆದೆ. ಅವರು ಕಷ್ಟದಲ್ಲಿದಾರೆ, ಇನ್ನಷ್ಟು ಕಾಯಿಸೋಣ ಅಂತ ಕಾಯಿಸ್ದೆ."

"ಗೊತ್ತು" ಎಂದಳು ಗುಬ್ಬಿ. ಮಾತು ತುಂಡು ತುಂಡಾಗಿ ಬರುತ್ತಿತ್ತು. "ಇವರು ಪ್ರತಿ ಬೈಠಕ್ ಮುಗಿಸಿ ಬಂದು ಹೇಳೋರು. ಇವತ್ತೂ ನಿಮ್ಮಕ್ಕ ಜಗ್ಗಲಿಲ್ಲ, ಅವರ ಮುಂದೆ ನನ್ನ ಆಟ ಏನೂ ನಡೀತಿಲ್ಲ ಅಂತ. ನಂಗೆ ಭಯ ಆಗ್ತಿತ್ತು ಅಕ್ಕ. ಆದ್ರೂ ಒಳಗೊಳಗೇ ಎಷ್ಟು ಹೆಮ್ಮೆ ಆಗ್ತಿತ್ತು ಗೊತ್ತಾ, ಅವಳು ನಮ್ಮಕ್ಕ ಅಂತ."

ನನ್ನವಳು ಮಂಚದ ಕಂಬಿಗೆ ಹಣೆಯಿಟ್ಟು ಗಟ್ಟಿಯಾಗಿ ಅಳತೊಡಗಿದಳು. ಪಕ್ಕದ ಹಾಸಿಗೆಯವರು ತಲೆಯೆತ್ತಿ ನೋಡಿದರು. ನರ್ಸು ಬಂದು, ಇಲ್ಲಿ ಹೀಗೆಲ್ಲ ಅಳುವ ಹಾಗಿಲ್ಲ, ಹೊರಗೆ ಹೋಗಿ ಎಂದಳು. ಗುಬ್ಬಿ ಅಕ್ಕನ ಬೆರಳು ಹಿಡಿದುಕೊಂಡವಳು ಬಿಡಲೇ ಇಲ್ಲ.